ಛುರಿಕಾಕ್ಷೇಪ ಮೀಮಾಂಸೆ ಅಥವಾ ಒರೆಯ ಮಹಾತ್ಮೆ

ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ, ರಾಕ್ಷಸರನ್ನು ಬಾಯಲ್ಲೇ ಕೊಲ್ಲುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮಹಾಶಾಸ್ತ್ರದಲ್ಲಿ ಮಾಂತ್ರಿಕನಿಗೆ ಎಂಟು ಪಂಥಗಳಿವೆ, ಬಿಲ್ಲುಗಾರನಿಗೆ ಗೌರವವಿದೆ, ಕೊಡಲಿ ಬೀಸುವವನಿಗೆ ಬೇಡವೆಂದರೂ ಶಿಷ್ಯರು ಸಿಗುತ್ತಾರೆ. ಚೂರಿ ಎಸೆಯುವವನಿಗೆ ಸಿಗುವುದು ಕನಿಕರ ಮಾತ್ರ. ಪಾತ್ರದ ಹಾಳೆಯ ಮೇಲೆ ಅಂಥವನೊಬ್ಬನ ಹೆಸರು ಬರೆಯುವಷ್ಟರಲ್ಲಿ ಮೇಜಿನ ಆಚೆ ಬದಿಯಿಂದ ‘ಒಂದು ಬಿಲ್ಲು ತಗೋಬಾರದಿತ್ತಾ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಚೂರಿ ಸಣ್ಣದು, ಆದ್ದರಿಂದ ಅದನ್ನು ಎಸೆಯುವವನು ಬಡವ ಎಂಬುದು ಲೋಕದ ನಂಬಿಕೆ. ಈ ನಂಬಿಕೆ ಬುಡಸಮೇತ ತಪ್ಪು ಎಂದು ಸ್ಥಾಪಿಸುವುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಚೂರಿಗಾರನನ್ನು ಕೆಡಿಸಿದ್ದು ಅವನ ಸೊಂಟದಲ್ಲಿರುವ ಒರೆ. ಅಲಗಿನ ಮೇಲೆ ಹೊರಿಸಿದ ಆರೋಪಗಳೆಲ್ಲ ಒರೆಗೆ ಸಲ್ಲಬೇಕಾದವು. ಇಷ್ಟು ಸ್ಪಷ್ಟವಾದ ಸಂಗತಿ ಇಷ್ಟು ವರ್ಷ ವಿದ್ವಾಂಸರ ಕಣ್ಣು ತಪ್ಪಿಸಿದ್ದಕ್ಕೆ ಕಾರಣ, ಅವರೆಲ್ಲ ಬಿಲ್ಲಿನ ಪಕ್ಷದವರಾಗಿದ್ದದ್ದು.

ಮೊದಲು ಅಲಗನ್ನು ಆರೋಪಮುಕ್ತಗೊಳಿಸೋಣ. 2014ರ ಐದನೆಯ ಆವೃತ್ತಿಯ ಪ್ರಕಾರ ಚೂರಿಯ ಬೆಲೆ 2 ಚಿನ್ನದ ನಾಣ್ಯ, ತೂಕ 1 ಪೌಂಡ್. ತಗುಲಿದರೆ ನಾಲ್ಕು ಮುಖದ ದಾಳ ಹಾಕಬೇಕು. ಗಿಡ್ಡ ಬಿಲ್ಲಿಗೆ ಆರು ಮುಖದ ದಾಳ, ಉದ್ದ ಬಿಲ್ಲಿಗೆ ಎಂಟು ಮುಖದ್ದು. (ನಾಲ್ಕು ಮುಖದ ದಾಳ ಉರುಳುವುದಿಲ್ಲ. ಪಿರಮಿಡ್ಡಿನಂತೆ ಮೊನೆ ಮೇಲೆ ಮಾಡಿ ಕೂರುತ್ತದೆ. ಮೇಜಿನಿಂದ ಕೆಳಗೆ ಬಿದ್ದದ್ದನ್ನು ಬರಿಗಾಲಲ್ಲಿ ತುಳಿದವರು ಚೂರಿಗೆ ಇದೇ ದಾಳ ಯಾಕೆ ಎಂದು ಮತ್ತೆ ಕೇಳಿದ್ದಿಲ್ಲ.) ಆದಿಯಲ್ಲಿ ಹೀಗಿರಲಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಸೂತ್ರಕಾರದ್ವಯರು ಬರೆದ ಮೂಲ ಹೊತ್ತಗೆಗಳಲ್ಲಿ ಚೂರಿಯಿಂದ ಹಿಡಿದು ಎರಡು ಕೈಯ ಖಡ್ಗದವರೆಗೆ ಎಲ್ಲ ಆಯುಧಕ್ಕೂ ಒಂದೇ ಆರು ಮುಖದ ದಾಳವಿತ್ತು. ಮರುವರ್ಷ ‘ಗ್ರೇಹಾಕ್’ ಎಂಬ ಪರಿಶಿಷ್ಟ ಬಂದು ಆಯುಧಕ್ಕೊಂದು ದಾಳ ಹಂಚಿತು. ಕಳ್ಳನೆಂಬ ಪಾತ್ರವರ್ಗ ಹುಟ್ಟಿದ್ದೂ ಅದೇ ಪರಿಶಿಷ್ಟದಲ್ಲಿ. ಹೀಗೆ ಕಳ್ಳನೂ ಅವನ ಚೂರಿಯ ಬಡತನವೂ ಒಂದೇ ಹೊತ್ತಗೆಯ ಅವಳಿ ಮಕ್ಕಳು. ಆದರೆ ಈ ಬಡತನ ಎಷ್ಟರದು? ನಾಲ್ಕು ಮುಖದ ದಾಳದ ಸರಾಸರಿ 2.5, ಆರು ಮುಖದ್ದು 3.5. ಇಂದು ‘ರೋಗ್’ ಎಂಬ ಹೆಸರಿನಲ್ಲಿ ಮರ್ಯಾದಸ್ಥನಾಗಿರುವ ಆ ಕಳ್ಳ ಐದನೆಯ ಲೆವೆಲ್ಲಿಗೆ ಬಂದಾಗ ಅವನ ‘ಸ್ನೀಕ್ ಅಟ್ಯಾಕ್’ ಮೂರು ಆರು ಮುಖದ ದಾಳಗಳನ್ನು, ಅಂದರೆ ಸರಾಸರಿ 10.5ನ್ನು ಸೇರಿಸುತ್ತದೆ. ಕೈಚಳಕದ 4 ಬೇರೆ. ಚೂರಿಗಾರ ಕಳ್ಳನ ಏಟು 17, ಬಿಲ್ಲುಗಾರ ಕಳ್ಳನ ಏಟು 18. ಹದಿನೆಂಟರಲ್ಲಿ ಒಂದಂಶಕ್ಕಾಗಿ ಐವತ್ತು ವರ್ಷದ ತಿರಸ್ಕಾರ ಎಂದರೆ ಯಾವ ನ್ಯಾಯಶಾಸ್ತ್ರವೂ ಒಪ್ಪದು.

ಇನ್ನು ಒರೆ. 2014ರ ಆ ಐದನೆಯ ಆವೃತ್ತಿಯಲ್ಲಿ ಒಂದು ಸುತ್ತು ಎಂದರೆ ಆರು ಸೆಕೆಂಡು. ಪ್ರತಿಯೊಬ್ಬರೂ ತಮ್ಮ ಸರದಿಯಲ್ಲಿ ಒಂದೇ ಒಂದು ವಸ್ತುವನ್ನು ಪುಕ್ಕಟೆಯಾಗಿ ಮುಟ್ಟಬಹುದು: ಒಂದು ಬಾಗಿಲು ತೆರೆಯಬಹುದು, ಇಲ್ಲವೇ ಒಂದು ಆಯುಧ ಹಿರಿಯಬಹುದು. ಎರಡನೆಯದನ್ನು ಮುಟ್ಟಲು ಇಡೀ ಸರದಿಯ ಆ್ಯಕ್ಷನ್ನೇ ಖರ್ಚಾಗುತ್ತದೆ. ಬಾಣಕ್ಕೆ ಮಾತ್ರ ಈ ಕಾನೂನು ಇಲ್ಲ. ಬತ್ತಳಿಕೆಯಿಂದ ಬಾಣ ತೆಗೆಯುವುದು ಹೊಡೆತದ ಭಾಗವೇ ಎಂದು ಶಾಸ್ತ್ರ ಧಾರಾಳವಾಗಿ ಘೋಷಿಸಿದೆ. ಪರಿಣಾಮವನ್ನು ಇಪ್ಪತ್ತನೆಯ ಲೆವೆಲ್ಲಿನ ಯೋಧನಲ್ಲಿ ನೋಡಬೇಕು. ಅವನಿಗೆ ಒಂದು ಸರದಿಗೆ ನಾಲ್ಕು ಹೊಡೆತ. ಬಿಲ್ಲು ಹಿಡಿದರೆ ಆರು ಸೆಕೆಂಡಿನಲ್ಲಿ ನಾಲ್ಕು ಬಾಣ ತೆಗೆದು, ಹೂಡಿ, ಬಿಟ್ಟು ಬೇಸರದಿಂದ ಆಕಳಿಸುತ್ತಾನೆ. ಅದೇ ಮಹಾವೀರ ಬರಿಗೈಯಿಂದ ಶುರುಮಾಡಿ ಚೂರಿಗೆ ಕೈ ಹಾಕಿದರೆ ಒಂದನ್ನು ಹಿರಿದು ಎಸೆದು, ಉಳಿದ ಮೂರು ಹೊಡೆತಗಳನ್ನು ಇಪ್ಪತ್ತು ಅಡಿ ದೂರದ ವೈರಿಯ ದಿಕ್ಕಿಗೆ ಗಾಳಿಯಲ್ಲಿ ಗುದ್ದಿ ಮುಗಿಸಬೇಕು. ದೇವತೆಗಳೂ ಬೆಚ್ಚುವ ಶೂರನಿಗೆ ಸೊಂಟದಿಂದ ಎರಡನೆಯ ಚೂರಿ ಎಳೆಯಲು ಬರುವುದಿಲ್ಲ. ಈ ಪಕ್ಷಪಾತಕ್ಕೆ ಗ್ರಂಥಸ್ಥ ಪುರಾವೆಯೂ ಇದೆ. ಅದೇ ಪುಸ್ತಕದ ಸಾಮಾನು ಪಟ್ಟಿಯಲ್ಲಿ ಬತ್ತಳಿಕೆಗೆ 1 ಚಿನ್ನದ ನಾಣ್ಯ ಬೆಲೆ, 1 ಪೌಂಡ್ ತೂಕ, ಇಪ್ಪತ್ತು ಬಾಣ ಹಿಡಿಯುತ್ತದೆ ಎಂಬ ವಿವರಗಳೆಲ್ಲ ಇವೆ. ಏಣಿ ಇದೆ, ಸೋಪು ಇದೆ, ಮೀನು ಹಿಡಿಯುವ ಸರಂಜಾಮೂ ಇದೆ. ಒರೆ ಇಲ್ಲ. ಬೆಲೆಯೂ ಇಲ್ಲದ, ತೂಕವೂ ಇಲ್ಲದ ಈ ಅದೃಶ್ಯ ವಸ್ತುವೇ ಒಂದು ಇಡೀ ಕಸುಬನ್ನು ಹಿಡಿದು ನಿಲ್ಲಿಸಿದೆ.

ಒರೆ ಯಾವಾಗಲೂ ಇಷ್ಟು ಬಿಗಿಯಾಗಿರಲಿಲ್ಲ ಎಂಬುದು ಇತಿಹಾಸ ಬಲ್ಲವರಿಗೆ ಗೊತ್ತು. 1978ರ ‘ಅಡ್ವಾನ್ಸ್ಡ್’ ಶಾಸ್ತ್ರದ ಆಟಗಾರರ ಕೈಪಿಡಿಯಲ್ಲಿ ಬಿಲ್ಲಿಗೆ ಸುತ್ತಿಗೆ ಎರಡು ಬಾಣವಾದರೆ ಚೂರಿಗೂ ಎರಡೇ ಎಸೆತ. ಕೈಬಾಣವೆಂಬ ಡಾರ್ಟಿಗೆ ಮೂರು. ಅದು ಕೃತಯುಗ. ಆ ಸಮಾನತೆಯ ಗುಟ್ಟು ಸೂತ್ರಕಾರರ ಔದಾರ್ಯದಲ್ಲಿದೆ ಎಂದು ಭಾವುಕರು ಹೇಳುತ್ತಾರೆ. ನಮ್ಮ ಮತದಲ್ಲಿ ಅದು ಗಡಿಯಾರದಲ್ಲಿದೆ. ಆಗ ಒಂದು ಸುತ್ತು ಎಂದರೆ ಒಂದು ನಿಮಿಷ. ಇಡೀ ನಿಮಿಷದಲ್ಲಿ ಎರಡು ಚೂರಿ ಎಸೆಯುವವನ ಕೈ ಒರೆಗೆ ಎಷ್ಟು ಸಲ ಹೋಗಿ ಬಂತು ಎಂದು ಯಾರು ಎಣಿಸುತ್ತಾರೆ? ನಡುವೆ ಎಲೆ ಅಡಿಕೆ ಹಾಕಿಕೊಳ್ಳಲೂ ಪುರುಸೊತ್ತಿತ್ತು. 2000ದಲ್ಲಿ ಮೂರನೆಯ ಆವೃತ್ತಿ ಬಂದಾಗ ಸುತ್ತು ಆರು ಸೆಕೆಂಡಿಗೆ ಇಳಿಯಿತು. ಕಾಲ ಸಣ್ಣದಾದೊಡನೆ ಕೈಯ ಪ್ರತಿ ಚಲನೆಗೂ ಲೆಕ್ಕ ಬಂತು, ಆಯುಧ ಹಿರಿಯುವುದು ಒಂದು ಪ್ರತ್ಯೇಕ ಕರ್ಮವಾಯಿತು. ಆ ಆವೃತ್ತಿಯೇ ‘ಕ್ವಿಕ್ ಡ್ರಾ’ ಎಂಬ ಫೀಟನ್ನೂ (ಪಾತ್ರ ಆರಿಸಿಕೊಳ್ಳುವ ವಿಶೇಷ ವಿದ್ಯೆ) ಕೊಟ್ಟು ಅದನ್ನು ಪಡೆದವನ ಕೈ ಬಿಡಿಸಿತು ಎಂಬುದು ನಮ್ಮ ವಾದಕ್ಕೆ ಪುಷ್ಟಿಯೇ: ರೋಗವನ್ನು ತಂದವರೇ ಮದ್ದನ್ನೂ ಮಾರಿದರು ಎಂದಮೇಲೆ ರೋಗ ಇದ್ದದ್ದು ಖಚಿತ. 2014ರವರು ಬೆರಳಿನ ಲೆಕ್ಕವನ್ನು ಉಳಿಸಿಕೊಂಡು ಮದ್ದನ್ನು ಕಪಾಟಿನಿಂದ ತೆಗೆದುಬಿಟ್ಟರು.

ಇಲ್ಲಿ ಪೂರ್ವಪಕ್ಷಿಯೊಬ್ಬ ಎದ್ದು, ಒರೆಯದೇ ಅಪರಾಧವಾದರೆ ಡಾರ್ಟ್ ಎಸೆಯಬಾರದೇ ಎನ್ನುತ್ತಾನೆ. ಅವನ ಮಾತಿನಲ್ಲಿ ಹುರುಳಿದೆ. ಡಾರ್ಟಿಗೆ ಐದು ತಾಮ್ರದ ಕಾಸು, ಒಂದು ಚೂರಿಯ ಬೆಲೆಗೆ ನಲವತ್ತು ಬರುತ್ತವೆ. ಅದೇ ದಾಳ, ಅದೇ 20 ಅಡಿಯ ಸಲೀಸು ದೂರ, 60 ಅಡಿಯ ಗರಿಷ್ಠ ದೂರ. ಮೇಲಾಗಿ ಡಾರ್ಟ್ ಜನ್ಮತಃ ದೂರದ ಆಯುಧ, ಚೂರಿ ಜನ್ಮತಃ ಕೈಗಾಳಗದ ಆಯುಧ. ಬಿಲ್ಲುಗಾರಿಕೆಯ ಶೈಲಿ ಕಲಿತವನಿಗೆ ಗುರಿಯಲ್ಲಿ ಸಿಗುವ ಹೆಚ್ಚುವರಿ 2 ಡಾರ್ಟಿಗೆ ಉಂಟು, ಚೂರಿಗೆ ಇಲ್ಲ. ‘ಶಾರ್ಪ್‌ಶೂಟರ್’ ಫೀಟಿನಲ್ಲಿ 2014ರ ವಿಧಿಯಂತೆ ಗುರಿಯಲ್ಲಿ 5 ಬಿಟ್ಟುಕೊಟ್ಟು ಏಟಿನಲ್ಲಿ 10 ಪಡೆಯುವ ವ್ಯವಹಾರವೂ ಹಾಗೆಯೇ. ಐವತ್ತು ಅಡಿ ಆಚೆ ಗಾಳಿಯಲ್ಲಿ ಗಿರಗಿರ ತಿರುಗುತ್ತ ಹೋಗುತ್ತಿರುವ ಚೂರಿಯೂ ಕೈಗಾಳಗದ್ದೇ. ಹುಟ್ಟಿನಿಂದ ಬಂದ ವರ್ಗ ಹಾರಿದರೂ ಹೋಗುವುದಿಲ್ಲ ಎಂಬ ಈ ವಿಧಿಯನ್ನು ನಾವು ಟೀಕಿಸಲು ಹೋಗುವುದಿಲ್ಲ, ಬೇರೆ ಶಾಸ್ತ್ರಗಳಲ್ಲೂ ಇಂಥದ್ದು ಕಂಡಿದ್ದೇವೆ. ಪೂರ್ವಪಕ್ಷಿ ಮರೆತದ್ದು ಇಷ್ಟೇ: ಡಾರ್ಟೂ ಬಾಣವಲ್ಲ. ಅದನ್ನು ಹಿರಿಯುವುದಕ್ಕೂ ಆ ಒಂದೇ ಪುಕ್ಕಟೆ ಮುಟ್ಟುವಿಕೆ. ಇಷ್ಟೆಲ್ಲ ಕೃಪೆಗೆ ಪಾತ್ರವಾದ ಡಾರ್ಟ್ ಕೂಡ ಒರೆಯ ಬಾಗಿಲಲ್ಲೇ ಎಡವುತ್ತದೆ ಎಂಬುದಕ್ಕಿಂತ ಬಲವಾದ ಸಾಕ್ಷಿ ನಮ್ಮ ಪಕ್ಷಕ್ಕೆ ಬೇಕಿಲ್ಲ.

ಹಾಗಾದರೆ ಪಾತ್ರವನ್ನು ಕಟ್ಟುವುದು ಹೇಗೆ? ಅನೇಕ ಚೂರಿ ಎಸೆಯಬೇಕಾದ ಯೋಧನನ್ನು ಬಿಟ್ಟು, ಒಂದೇ ಚೂರಿ ತಗುಲಿದರೆ ಸಾಕು ಎನ್ನುವ ಕಳ್ಳನನ್ನು ಹಿಡಿಯಬೇಕು. ಸ್ನೀಕ್ ಅಟ್ಯಾಕ್ ಸರದಿಗೆ ಒಮ್ಮೆ ಮಾತ್ರ ದಕ್ಕುತ್ತದೆ. ಚೂರಿ ಹಗುರ ಆಯುಧವಾದ್ದರಿಂದ ಬಲಗೈಯದನ್ನು ಎಸೆದವನು ಬೋನಸ್ ಆ್ಯಕ್ಷನ್ನಿನಲ್ಲಿ ಎಡಗೈಯದನ್ನೂ ಎಸೆಯಬಹುದು, ಡಾರ್ಟಿಗೆ ಈ ಭಾಗ್ಯವಿಲ್ಲ. ಗೆಳೆಯನೊಬ್ಬ ವೈರಿಯ ಪಕ್ಕದಲ್ಲೇ ನಿಂತು ಹೊಡೆಸಿಕೊಳ್ಳುತ್ತಿದ್ದಾನೆ, ಇಪ್ಪತ್ತು ಮುಖದ ದಾಳದಲ್ಲಿ 9 ಅಥವಾ ಮೇಲೆ ಗರ ಬಿದ್ದರೆ ಗುರಿ ತಗುಲುತ್ತದೆ ಎಂದಿಟ್ಟುಕೊಳ್ಳೋಣ. ಬಿಲ್ಲಿಗೆ ಒಂದೇ ಅವಕಾಶ, ನೂರಕ್ಕೆ ಅರವತ್ತು. ಎರಡು ಚೂರಿಗಳಲ್ಲಿ ಒಂದಾದರೂ ತಗುಲುವ ಸಂಭವ ನೂರಕ್ಕೆ ಎಂಬತ್ತನಾಲ್ಕು. ಬಿಲ್ಲುಗಾರ ಸರದಿಗೆ ಸರಾಸರಿ 10.8 ಗಳಿಸಿದರೆ ಚೂರಿಗಾರ 14.2 ಗಳಿಸುತ್ತಾನೆ. ಎರಡನೆಯ ಚೂರಿ ಗಾಯಕ್ಕೆಂದು ಇರುವುದಲ್ಲ, ಮೊದಲನೆಯದರ ಜಾಮೀನಿಗೆ. ಆದರೆ ಎರಡನೆಯ ಸುತ್ತು ಬಂತು ನೋಡಿ! ಎರಡೂ ಕೈ ಖಾಲಿ. ಒಂದನ್ನು ಹಿರಿದು ಎಸೆದರೆ ಜಾಮೀನು ಸೊಂಟದಲ್ಲೇ ಉಳಿಯುತ್ತದೆ, ಗಳಿಕೆ 10.2ಕ್ಕೆ ಕುಸಿಯುತ್ತದೆ. ಅದೇ ಚೂರಿ, ಅದೇ ಕಳ್ಳ, ಅದೇ ವೈರಿ. ನಡುವೆ ಬಂದದ್ದು ಒರೆಯೊಂದೇ. ಇದಕ್ಕೆ ಪರಿಹಾರ ‘ಡ್ಯುಯಲ್ ವೀಲ್ಡರ್’ ಫೀಟ್, ಎರಡು ಆಯುಧವನ್ನು ಒಟ್ಟಿಗೆ ಹಿರಿಯಲು ಅದು ಅಪ್ಪಣೆ ಕೊಡುತ್ತದೆ. ನಾಲ್ಕನೆಯ ಲೆವೆಲ್ಲಿನಲ್ಲಿ ಕೈಚಳಕ ಹೆಚ್ಚಿಸಿಕೊಳ್ಳುವ ಅವಕಾಶವನ್ನು ಅದಕ್ಕೆ ತೆರಬೇಕು. ತೆತ್ತರೂ ಸರಾಸರಿ 12.8 ಬರುತ್ತದೆ, ಬಿಲ್ಲಿಗಿಂತ ಮೇಲೆಯೇ.

ಕುಶಾಗ್ರಮತಿಯಾದ ಇನ್ನೊಬ್ಬ ಪೂರ್ವಪಕ್ಷಿ ಈ ಲೆಕ್ಕದಲ್ಲಿ ತೂತು ಹುಡುಕುತ್ತಾನೆ. ಬಿಲ್ಲುಗಾರ ಕಳ್ಳ ತನ್ನ ಬೋನಸ್ ಆ್ಯಕ್ಷನ್ನನ್ನು ಅಡಗಿಕೊಳ್ಳಲು ಬಳಸಿದರೆ ಎರಡು ದಾಳ ಹಾಕಿ ಹೆಚ್ಚಿನದನ್ನು ಹಿಡಿಯಬಹುದಲ್ಲ, ಆಗ ಅವನ ಗಳಿಕೆ 15.1 ಆಗುತ್ತದಲ್ಲ? ಆಗುತ್ತದೆ. ಅಡಗಲು ಒಂದು ಕಂಬವೋ ಪೊದೆಯೋ ಬೇಕು, ಅಡಗಿದ್ದು ಫಲಿಸಬೇಕು, ಬಯಲಿನಲ್ಲಿ ಬಿಲ್ಲುಗಾರ ತನ್ನ ನೆರಳಿನ ಹಿಂದೆ ಕೂರಲಾರ ಎಂದೆಲ್ಲ ವಾದಿಸಬಹುದು. ಆದರೂ ಶುದ್ಧ ಗಣಿತದಲ್ಲಿ ಚೂರಿಯ ಅತ್ಯುತ್ತಮ ಸುತ್ತಿಗಿಂತ 0.9 ಮುಂದೆ ಅವನು ನಿಲ್ಲುತ್ತಾನೆ ಎಂಬುದನ್ನು ಒಪ್ಪುತ್ತೇವೆ. ಅದು ಸೊಗಸಿಗೆ ತೆರುವ ಸುಂಕ. ದೂರದ ವಿಚಾರದಲ್ಲಿ ನಮ್ಮ ಪಕ್ಷ ಇನ್ನೂ ದುರ್ಬಲ. ಉದ್ದ ಬಿಲ್ಲು 600 ಅಡಿ ಮುಟ್ಟುತ್ತದೆ, ಚೂರಿ 60 ಅಡಿ, ಅದೂ 20 ದಾಟಿದರೆ ಎರಡು ದಾಳದಲ್ಲಿ ಕಡಿಮೆ ಬಿದ್ದದ್ದನ್ನು ಹಿಡಿಯಬೇಕು. ವಯಸ್ಕ ಕೆಂಪು ಡ್ರ್ಯಾಗನ್ನಿನ ಬೆಂಕಿಯುಸಿರಿನ ಉದ್ದವೂ ಸರಿಯಾಗಿ 60 ಅಡಿ. ಚೂರಿ ಮುಟ್ಟುವಲ್ಲೆಲ್ಲ ಬೆಂಕಿಯೂ ಮುಟ್ಟುತ್ತದೆ. ಇದರ ಬಗ್ಗೆ ವಾದಕ್ಕಿಳಿಯುವುದಕ್ಕಿಂತ ಡ್ರ್ಯಾಗನ್ ಇರುವ ಗುಹೆಗೆ ಹೋಗದಿರುವುದು ಲೇಸು.

‘ಡಿಎಂ ಒಪ್ಪಿದರೆ ಆಯಿತಲ್ಲ’ ಎನ್ನುವವರಿಗೆ ಉತ್ತರ ಬೇಕಿಲ್ಲ. ಆಟ ನಡೆಸುವವರ ದಾಕ್ಷಿಣ್ಯದಿಂದ ಹಿರಿದ ಚೂರಿ ಅವರ ಮುನಿಸಿನಿಂದ ಒರೆಗೆ ವಾಪಸು ಹೋಗುತ್ತದೆ. ಉತ್ತರ ಬೇಕಾದದ್ದು 2020ರ ‘ಟಾಶಾಸ್ ಕೌಲ್ಡ್ರನ್ ಆಫ್ ಎವೆರಿಥಿಂಗ್’ ಎಂಬ ಗ್ರಂಥವನ್ನು ಹಿಡಿದು ಬರುವವರಿಗೆ. ಅದರಲ್ಲಿ ‘ಸೋಲ್‌ನೈಫ್’ ಎಂಬ ಕಳ್ಳ ಮನಸ್ಸಿನಿಂದಲೇ ಅಲಗು ಸೃಷ್ಟಿಸಿ ಎಸೆಯುತ್ತಾನೆ, ತಗುಲಿದೊಡನೆ ಅದು ಗುರುತಿಲ್ಲದೆ ಮಾಯ. ‘ಆರ್ಟಿಫಿಸರ್’ ಎಂಬ ಕುಶಲಕರ್ಮಿ ಎಸೆದ ಆಯುಧ ತಾನೇ ಕೈಗೆ ಮರಳುವಂತೆ ಮಾಡಬಲ್ಲ. ಒರೆಯನ್ನೇ ಬಿಟ್ಟ ಇಂಥವರನ್ನು ಒರೆಯ ವಿಚಾರಕ್ಕೆ ಸಾಕ್ಷಿ ಕರೆಯುವುದು ಸಂಸಾರದ ಖರ್ಚುವೆಚ್ಚಕ್ಕೆ ಸನ್ಯಾಸಿಯ ಸಲಹೆ ಕೇಳಿದ ಹಾಗೆ. ಅದೇ ಗ್ರಂಥದ ಇನ್ನೊಂದು ಮೂಲೆಯಲ್ಲಿ ಎಸೆಯುವ ಆಯುಧಗಳ ಕಾಳಗ ಶೈಲಿ ಎಂಬುದಿದೆ. ಅದನ್ನು ಕಲಿತವನು ಎಸೆತದ ಭಾಗವಾಗಿಯೇ ಆಯುಧ ಹಿರಿಯಬಹುದು, ಏಟಿಗೆ 2 ಹೆಚ್ಚು. ಅಂದರೆ ಶಾಸ್ತ್ರವೇ ತನ್ನ ಕಳಂಕವನ್ನು ಒಪ್ಪಿಕೊಂಡಿದೆ, ಆದರೆ ಸಣ್ಣಕ್ಷರದಲ್ಲಿ.

ದೊಡ್ಡಕ್ಷರದಲ್ಲಿ ಒಪ್ಪಿಕೊಂಡದ್ದು 2024ರಲ್ಲಿ, ಮೂಲ ಸೂತ್ರಕ್ಕೆ ಸರಿಯಾಗಿ ಐವತ್ತು ತುಂಬಿದಾಗ. ಪರಿಷ್ಕೃತ ಕೈಪಿಡಿಯಲ್ಲಿ ಎಸೆಯುವ ಆಯುಧವನ್ನು ಹಿರಿಯುವುದು ಎಸೆತದ ಭಾಗವೇ, ಶೈಲಿ ಬೇಡ, ಫೀಟ್ ಬೇಡ, ಯಾರ ದಾಕ್ಷಿಣ್ಯವೂ ಬೇಡ. ಚೂರಿಗೆ ‘ನಿಕ್’ ಎಂಬ ಹೊಸ ಗುಣವೂ ಬಂದಿದೆ. ಅದರಲ್ಲಿ ಪಳಗಿದವನು ಎರಡನೆಯ ಎಸೆತವನ್ನು ಬೋನಸ್ ಆ್ಯಕ್ಷನ್ ಖರ್ಚಿಲ್ಲದೆ ಮುಗಿಸಬಹುದಾದ್ದರಿಂದ, ಆ ಬೋನಸ್ ಆ್ಯಕ್ಷನ್ನಿನಲ್ಲಿ ಮೊದಲೇ ಅಲುಗಾಡದೆ ಗುರಿ ಹಿಡಿಯಬಹುದು. ಮೇಲಿನದೇ ವೈರಿಯ ಮುಂದೆ ಲೆಕ್ಕ ಹಾಕಿದರೆ ಚೂರಿಗಾರನಿಗೆ 16.8, ಗುರಿ ಹಿಡಿದ ಬಿಲ್ಲುಗಾರನಿಗೆ ಅದೇ ಹಳೆಯ 15.1. ಅಲಗಿನ ದಾಳ ಬದಲಾಗಿಲ್ಲ, ಈಗಲೂ ನಾಲ್ಕೇ ಮುಖ. ಬದಲಾದದ್ದು ಒರೆಯ ಕಾನೂನು ಮತ್ತು ಕೈಯ ಲೆಕ್ಕ.

ಉಳಿದದ್ದು ಸಂಖ್ಯೆಯ ಪ್ರಶ್ನೆ. ನಾಲ್ಕು ಸುತ್ತಿನ ಜಗಳಕ್ಕೆ ಎಂಟು ಚೂರಿ, ಅಕಸ್ಮಾತ್ತಿಗೆ ಎರಡು, ಒಟ್ಟು ಹತ್ತು ಸಾಕು ಎಂಬುದು ಮಿತವಾದಿಗಳ ಮತ. ಜಗಳ ಮುಗಿದ ಮೇಲೆ ಹೆಣದಿಂದ ಹೆಣಕ್ಕೆ ಬಗ್ಗಿ ಎಲ್ಲವನ್ನೂ ಕಿತ್ತುಕೊಂಡು ಬರಬಹುದು. ಬಾಣವಾದರೆ ಒಂದು ನಿಮಿಷ ಹುಡುಕಿದರೂ ಅರ್ಧವೇ ಸಿಗುವುದೆಂದು ವಿಧಿಯಿದೆ, ಚೂರಿ ಕಳೆದುಹೋಗುವ ವಿಧಿ ಇಲ್ಲ. ಉಗ್ರವಾದಿಗಳು ಕೇಳುವುದು ಬೇರೆ. 2014ರ ಕೈಪಿಡಿಯಂತೆ ಮನುಷ್ಯ ತನ್ನ ಬಲದ ಹದಿನೈದು ಪಟ್ಟು ಪೌಂಡ್ ಹೊರಬಲ್ಲ. ಸಾಧಾರಣ ಬಲ 10 ಇರುವ ಕಳ್ಳನಿಗೆ 150 ಪೌಂಡ್. ಸಾದಾ ಬಟ್ಟೆಯ ತೂಕ 3 ಪೌಂಡ್ ಕಳೆದರೆ 147 ಚೂರಿ, 294 ಚಿನ್ನದ ನಾಣ್ಯ. ಒರೆಗೆ ತೂಕವಿಲ್ಲ ಎಂಬುದನ್ನು ಆಗಲೇ ಸ್ಥಾಪಿಸಿದ್ದೇವೆ. ಇಷ್ಟನ್ನು ಮೈತುಂಬ ಸಿಕ್ಕಿಸಿಕೊಂಡವನು ಕತ್ತಲೆಯಲ್ಲಿ ಸದ್ದಿಲ್ಲದೆ ನಡೆಯಬಲ್ಲನೇ ಎಂದು ಆಕ್ಷೇಪಿಸುವವರು ಅದೇ ಕೈಪಿಡಿಯ ಕವಚಗಳ ಪಟ್ಟಿ ನೋಡಬೇಕು. ಮೆತ್ತೆ ಹೊಲಿದ ಬಟ್ಟೆಯ ಕವಚ ತೊಟ್ಟವನ ಹೆಜ್ಜೆ ಸದ್ದಾಗುತ್ತದೆ ಎಂದು ಅಲ್ಲಿ ದಂಡ ವಿಧಿಸಿದೆ. ನೂರ ನಲವತ್ತೇಳು ಚೂರಿಗೆ ಯಾವ ದಂಡವೂ ಇಲ್ಲ.