ಮೇಲ್ಗಿವಿಯ ಮರ್ಜಿ

ಕಿವಿಯ ಹಾಲೆಯನ್ನು ಚುಚ್ಚಿಸುವುದು ಷೋಡಶ ಸಂಸ್ಕಾರಗಳಲ್ಲೊಂದಾದ ಕರ್ಣವೇಧವೆನಿಸಿರುವುದರಿಂದ ಅದಕ್ಕೆ ಮಗುವಿನ ರೋದನವೊಂದನ್ನುಳಿದು ಬೇರಾವ ಆಕ್ಷೇಪಣೆಯೂ ಕೇಳಿಬರುವುದಿಲ್ಲ. ಆದರೆ ತಾನು ಬುಗುಡಿ ಧರಿಸಿ ಮೆರೆದ ಮೇಲ್ಗಿವಿಯನ್ನೇ ಮೊಮ್ಮಗಳು ಚುಚ್ಚಿಸಿಕೊಂಡು ಬಂದರೆ, ‘ಇದೇನೇ ಹೊಸ ಫ್ಯಾಷನ್ನು?’ ಎಂದು ಅಜ್ಜಿ ಹುಬ್ಬೇರಿಸುವುದು ಕಾಲಮಹಿಮೆಯೇ ಸರಿ.

ಮೇಲ್ಗಿವಿಯ ಮೃದ್ವಸ್ಥಿಯಾದರೋ, ಸ್ವಂತ ರಕ್ತನಾಳಗಳಿಲ್ಲದೆ ತನ್ನನ್ನಾವರಿಸಿದ ಪೊರೆಯ ದಾಕ್ಷಿಣ್ಯದಿಂದಲೇ ಜೀವಿಸುವಂಥದು. ಹಾಲೆಯ ಗಾಯ 6ರಿಂದ 8 ವಾರಗಳಲ್ಲಿ ಮಾಗಿದರೆ, ಈ ಪರಾವಲಂಬಿಗೆ 6ರಿಂದ 12 ತಿಂಗಳ ಕಾಲಾವಕಾಶ ಬೇಕು. ಸೋಂಕು ತಗಲಿತೋ, ಮೃದ್ವಸ್ಥಿ ನಶಿಸಿ ಕಿವಿ ಮುರುಟಿಹೋದೀತು.

ಆದುದರಿಂದ ವಾಚಕ ಮಹಾಶಯರೇ, ಮೃದ್ವಸ್ಥಿಯನ್ನು ಜಜ್ಜುವ ಸ್ಪ್ರಿಂಗಿನ ಪಿಸ್ತೂಲಿಗೆ ಕಿವಿಗೊಡದೆ, ಕೈತೊಳೆದು ಕೈಗವಸು ತೊಟ್ಟ ಅನುಭವಿಯಿಂದ, ಕಣ್ಣೆದುರೇ ಪೊಟ್ಟಣ ಒಡೆದ ಕ್ರಿಮಿರಹಿತ ಟೊಳ್ಳು ಸೂಜಿಯಲ್ಲಿ ಚುಚ್ಚಿಸಿ, ಟೈಟೇನಿಯಮ್ಮಿನ ಆಭರಣ ತೊಡಿರಿ. ಅದನ್ನು ತಿರುಗಿಸುವ ಚಪಲವನ್ನೂ, ಆ ಮಗ್ಗುಲಲ್ಲಿ ಮಲಗುವ ಸುಖವನ್ನೂ ತ್ಯಜಿಸಿ, ಶುದ್ಧ ಲವಣದ್ರಾವಣವೊಂದರಿಂದಲೇ ತೊಳೆಯಿರಿ. ನೆರೆಹೊರೆಯವರ ಎಣ್ಣೆ, ಅರಿಸಿನಗಳ ಉಪದೇಶವನ್ನು ಚುಚ್ಚಿಸದ ಕಿವಿಯಿಂದ ಕೇಳಿ ಸುಮ್ಮನಿರಿ. ಗಾಯ ಕೆಂಪಡರಿ, ಊದಿ, ಕೀವುಗಟ್ಟಿದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಹೋಗಿ, ಅವರು ಹೇಳಿದುದನ್ನು ಎರಡೂ ಕಿವಿಗಳಿಂದ ಕೇಳಿರಿ.