ತೂಗುಕುಂಡದಿಂದ ನೇರ ಮಾತು

(ಸ್ಥಳ: ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಬಾಲ್ಕನಿ. ತಳಕ್ಕೆ ತೂತು ಕೊರೆದ ಬಕೆಟ್ಟಿನಿಂದ ಕೆಳಮುಖವಾಗಿ ಇಳಿಬಿಟ್ಟಿರುವ ಟೊಮೆಟೊ ಗಿಡ ಮಾತಿಗೆ ಸಿಕ್ಕಿತು.)

ಆರಾಮವಾಗಿದ್ದೀರಾ?

ತಲೆಕೆಳಗಾಗಿ ನೇತಾಡುವವರನ್ನು ಕೇಳೋ ಪ್ರಶ್ನೆಯೇನ್ರೀ ಇದು?

ಕುಡಿ ಮಾತ್ರ ಮೇಲಕ್ಕೇ ತಿರುಗಿದೆಯಲ್ಲ?

ತಿರುಗದೆ? ಬೇರು ಕೆಳಕ್ಕೆ, ಕುಡಿ ಮೇಲಕ್ಕೆ. ಭೂಮಿ ಯಾವ ಕಡೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಯಜಮಾನರು ಯಾವುದೋ ವಿಡಿಯೊ ನೋಡಿ ನೇತುಹಾಕಿದರು, ನಾನು ಸೊಂಟ ಬಗ್ಗಿಸಿ ಮೇಲೆದ್ದೆ. ಅದನ್ನೂ ತಮ್ಮ ಸಾಧನೆ ಅಂತಲೇ ಫೋಟೊ ಹಾಕಿದ್ದಾರೆ.

ಈ ಹುಚ್ಚು ಶುರುವಾದದ್ದು ಯಾವಾಗ?

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತಲ್ಲ, ಆಗ. ಮೊದಲು ನೇತಾಡಿದ್ದು ನಮ್ಮ ಮುತ್ತಜ್ಜಿ. ಆಕೆ ಹಣ್ಣು ಬಿಡೋ ಹೊತ್ತಿಗೆ ಬೆಲೆ ನೆಲಕಚ್ಚಿತ್ತು. ಕೋಕೋಪೀಟ್, ಎರೆಗೊಬ್ಬರ, ಬೇವಿನ ಹಿಂಡಿ, ಕೊಕ್ಕೆ ಹೊಡೆದವನ ಕೂಲಿ ಇವನ್ನೆಲ್ಲ ಯಾರೂ ಕೂಡಿ ನೋಡಲಿಲ್ಲ. ಅಮ್ಮಾವ್ರ ಮುಂದಂತೂ ಕೂಡುವ ಹಾಗೇ ಇಲ್ಲ.

ಹಣ್ಣಿನ ತುದಿ ಕಪ್ಪಗಾಗಿದೆ. ರೋಗವೇ?

ರೋಗವಲ್ಲ, ಯಜಮಾನರ ಶಿಸ್ತು! ವಾರವಿಡೀ ಮರೆತು ಶನಿವಾರ ಒಂದು ಕೊಡ ಸುರಿಯುತ್ತಾರೆ. ತೂಗುಕುಂಡಕ್ಕೆ ಸುತ್ತಲೂ ಗಾಳಿ. ಬೇಸಿಗೆಯಲ್ಲಿ ಬೆಳಿಗ್ಗೆ ಹಾಕಿದ ನೀರು ಸಂಜೆಗಿರಲ್ಲ. ನೀರು ಏರುಪೇರಾದರೆ ಸುಣ್ಣದಂಶ ಹಣ್ಣಿನ ತುದಿ ಮುಟ್ಟೋದಿಲ್ಲ, ಕೊಳೆಯುತ್ತೆ. ಇವರು ಔಷಧಿ ಹೊಡೆದರು. ಅದು ಕೆಳಗಿನ ಮನೆಯವರು ಒಣಹಾಕಿದ ಪಂಚೆಗೆ ಬಿತ್ತು.

ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ತರಬಹುದಿತ್ತು.

ಅದು ಎಲೆಮುದುಡು, ಸೊರಗು, ಅಂಗಮಾರಿ ಮೂರನ್ನೂ ತಡೀತದೆ. ಮರೆವನ್ನಲ್ಲ. ಅಷ್ಟು ತೂಕದ ಹಣ್ಣು ಹೊತ್ತು ನೇತಾಡಿದರೆ ಟೊಂಗೆ ಗತಿಯೇನು? ಈ ಸರ್ಕಸ್ಸಿಗೆ ಗೋಲಿಗಾತ್ರದ ಚೆರ್ರಿ ಟೊಮೆಟೊವೇ ಸರಿ.

ಫಸಲು?

ಏಳು ಹಣ್ಣು. ಎರಡನ್ನು ಕೋತಿ ಒಯ್ದಿತು. ಮೂರನೆಯದನ್ನು ಕಚ್ಚಿ, ಮುಖ ಕಿವಿಚಿ, ಯಜಮಾನರ ಕಾರಿನ ಮೇಲೇ ಎಸೆಯಿತು. ಉಳಿದ ನಾಲ್ಕನ್ನು ಅಂಗೈಲಿಟ್ಟುಕೊಂಡು ಇವರು ‘ರೈತನ ಕಷ್ಟ ಈಗ ಅರ್ಥವಾಯಿತು’ ಅಂತ ಸ್ಟೇಟಸ್ ಹಾಕಿದರು. ಬೆಲೆಯಿಲ್ಲದೆ ಬಾಕ್ಸುಗಟ್ಟಲೆ ರಸ್ತೆಗೆ ಸುರಿದವನು ಅದನ್ನು ಓದಿ ಲೈಕ್ ಒತ್ತಬೇಕಂತೆ!

ಸಾರು ಮಾಡಿದರೇ?

ಸಾರಿಗೆ ಅಂಗಡಿ ಹಣ್ಣೇ. ಇವನ್ನು ಹೆಚ್ಚಲು ಮನಸ್ಸು ಬರಲಿಲ್ಲವಂತೆ, ಫ್ರಿಜ್ಜಿನಲ್ಲಿವೆ.

ಕೊನೆಯದಾಗಿ ಏನಾದರೂ?

ಮಾತು ಸಾಕು. ಈ ಮಹಡಿಗೆ ದುಂಬಿ ಬರೋದು ಅಪರೂಪ. ಹೋಗುವ ಮುಂಚೆ ಆ ಹೂಗೊಂಚಲಿಗೊಂದು ಬೆರಳು ತಾಗಿಸಿ ಅಲ್ಲಾಡಿಸ್ರೀ, ಪರಾಗ ಉದುರಲಿ.