ಲೈನ್ ಕ್ಲಿಯರ್ ಮಾಸ್ತರು

ಭಾನುವಾರ ಬೆಳಿಗ್ಗೆ ನಾನು ಬಚ್ಚಲಲ್ಲಿದ್ದಾಗ ಫೋನು ಬಂತು. ಹೆಂಡತಿ ಎತ್ತಿದಳು. ಆ ಕಡೆಯ ಗಡಸು ದನಿ ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ, "ಮಾಲವಿ ಇನ್ನೂ ಬಂದಿಲ್ಲ. ಕೊಟ್ಟೂರು ಆಗ್ಲೇ ಬಂದು ಚಾ ಕುಡಿಯಾಕ ಹತ್ತೈತಿ. ಹನ್ನೊಂದರೊಳಗ ಬರ್ಲಿಲ್ಲಂದ್ರ ಗೈರುಹಾಜರಿ ಹಾಕ್ತೀನಂತ ಹೇಳ್ರಿ" ಎಂದು ಇಟ್ಟುಬಿಟ್ಟಿತು. ತಲೆಯಿಂದ ನೀರು ಸೋರಿಸುತ್ತ ಹೊರಬಂದ ನನ್ನನ್ನು ಆಕೆ ಕೇಳಿದ್ದು ಒಂದೇ ಮಾತು: "ಯಾರಾಕಿ ಮಾಲವಿ?"

ಮಾಲವಿ ನಾನೇ. ಹಗರಿಬೊಮ್ಮನಹಳ್ಳಿಗೂ ಕೊಟ್ಟೂರಿಗೂ ನಡುವೆ ಬರುವ ಸಣ್ಣ ಸ್ಟೇಷನ್ನು. ಅಲ್ಲಿನ ಡ್ಯಾಮಿನ ದೆಸೆಯಿಂದ ನೀವು ಹೆಸರು ಕೇಳಿರಬಹುದು. ಆದರೆ ನಾನು ಉಸ್ತುವಾರಿ ನೋಡಿಕೊಳ್ಳುವ ಮಾಲವಿ ಇರುವುದು ಕೂಡ್ಲಿಗಿಯಲ್ಲಿ, ನಿವೃತ್ತ ಹೆಡ್‌ಮಾಸ್ತರೊಬ್ಬರ ಮಾಳಿಗೆ ಮೇಲಿನ ಕೋಣೆಯಲ್ಲಿ, ಹಳೇ ಹೊಲಿಗೆ ಯಂತ್ರಕ್ಕೂ ಶೇಂಗಾ ಚೀಲಕ್ಕೂ ನಡುವೆ. ಉದ್ದ ಎರಡು ಮೊಳ.

ಕೂಡ್ಲಿಗಿಗೆ ರೈಲಿಲ್ಲ. ಹೂವಿನಹಡಗಲಿಗೂ ಇಲ್ಲ, ಆದರೆ ಅಲ್ಲಿಂದ ಹಂಪಿಗೆ ಹಡಗಿನಲ್ಲಿ ಹೂವು ಹೋಗುತ್ತಿತ್ತೆಂಬ ಪ್ರತೀತಿಯಿಂದಾಗಿ ಆ ಊರಿಗೆ ಹೆಸರಿನಲ್ಲಾದರೂ ಒಂದು ಹಡಗು ದಕ್ಕಿದೆ. ನಮಗೆ ಹೆದ್ದಾರಿ ಒಂದೇ ಗತಿ. ರೈಲಿಲ್ಲದ ಊರಲ್ಲಿ ಸ್ಟೇಷನ್ ಮಾಸ್ತರ ಆಗುವುದು ಹ್ಯಾಗೆ ಎಂದು ಕೇಳುವವರಿಗೆ ಮಾಸ್ತರರ ಸ್ವಭಾವ ಗೊತ್ತಿಲ್ಲ. ಕೊಟ್ಟೂರೇಶ್ವರನ ತೇರು ಹೊರಟಾಗ ಹಗ್ಗಕ್ಕೆ ಕೈ ಹಚ್ಚದೆ ಹಿಂದಿನಿಂದ "ಎಡಕ್ಕ ಎಳೀರಿ, ಎಡಕ್ಕ" ಎಂದು ಕೂಗುವವರನ್ನು ನೋಡಿದ್ದೀರಲ್ಲ? ಯಾರೂ ನೇಮಿಸದಿದ್ದರೂ ಮೈಲಾರದ ಜಾತ್ರೆಯಲ್ಲಿ ಸೀಟಿ ಊದಿ ಬಂಡಿ ನಿಲ್ಲಿಸುವವರನ್ನು? ಅದೇ ಗೋತ್ರ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿರಿಯಡ್ಡುಗಳ ವೇಳಾಪಟ್ಟಿ ಹಾಕಿದ ಕೈ ಅದು. ಗಣಿತದವರು ರಜೆ ಹಾಕಿದರೆ ಡ್ರಿಲ್ ಮಾಸ್ತರನ್ನು ಎಂಟನೇ ಬಿ ಸೆಕ್ಷನ್ನಿಗೆ ತಿರುಗಿಸುವ ವಿದ್ಯೆ ನಿವೃತ್ತಿಯ ಮರುದಿನ ಎಲ್ಲಿ ಹೋಗಬೇಕು?

ಅಳಿಯ ಅಮೆರಿಕದಿಂದ ಮೊಮ್ಮಗನಿಗೆ ಆಟದ ರೈಲು ತಂದದ್ದೇ ನೆಪ. ಹುಡುಗ ಎರಡು ದಿನ ಸುತ್ತಿಸಿದ, ಮೂರನೇ ದಿನ ಮೊಬೈಲಿಗೆ ಹಿಂತಿರುಗಿದ. ಮಾಸ್ತರು ಪೆಟ್ಟಿಗೆ ತೆರೆದು ಹಳದಿ ಎಂಜಿನ್ನನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಮ್ಮ ಹುಬ್ಬಳ್ಳಿ ಶೆಡ್ಡಿನದ ತಮ್ಮ" ಎಂದರಂತೆ. ಮಾತು ಪೂರ್ತಿ ಸುಳ್ಳಲ್ಲ. ಹುಬ್ಬಳ್ಳಿಯ ಡಬ್ಲ್ಯೂಡಿಜಿ-4 ಎಂಜಿನ್ನುಗಳ ಮೂಲ ವಿನ್ಯಾಸ ಅಮೆರಿಕದ್ದೇ.

ಆ ಮೇಲೆ ಅಳತೆ ಶುರುವಾಯಿತು. ಈ ಆಟಿಕೆಗಳು ನಿಜದ ಎಂಬತ್ತೇಳನೇ ಒಂದು ಪಾಲು. ಹೊಸಪೇಟೆಯಿಂದ ಕೊಟ್ಟೂರಿಗೆ ಸುಮಾರು 70 ಕಿ.ಮೀ. 87ರಿಂದ ಭಾಗಿಸಿದರೆ 800 ಮೀಟರು. ಕೋಣೆಯ ನಾಲ್ಕೂ ಗೋಡೆ ಸುತ್ತಿದರೆ 60 ಅಡಿ ಸಿಕ್ಕಿತು. ಅಷ್ಟರಲ್ಲೇ ಹೊಸಪೇಟೆ, ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿ, ಮಾಲವಿ, ಕೊಟ್ಟೂರು, ಹರಪನಹಳ್ಳಿ, ಹರಿಹರ ಎಲ್ಲ ಸೇರಿಕೊಂಡವು. ಹರಿಹರ ಬಾಗಿಲ ಹಿಂದಿದೆ. ಯಾರಾದರೂ ಒಳಗೆ ಬಂದರೆ ಹೊಳೆಗೆ ಪೂರ ಬಂದಂತೆ ಹರಿಹರದ ಸಂಪರ್ಕ ತಪ್ಪುತ್ತದೆ. ಹಳಿಯ ಅಗಲದ ವಿಷಯದಲ್ಲಿ ಮಾತ್ರ ಮಾಸ್ತರಿಗೆ ಇಂದಿಗೂ ಎದೆಯುರಿ. ಪೆಟ್ಟಿಗೆಯ ಹಳಿ 16.5 ಮಿ.ಮೀ., ನಮ್ಮ ಬ್ರಾಡ್ ಗೇಜ್ 1676 ಮಿ.ಮೀ.; ಲೆಕ್ಕದ ಪ್ರಕಾರ 19ಕ್ಕೂ ಮೇಲೆ ಬರಬೇಕು. "ಅಂದ್ರ ನಿಜದ ಲೆಕ್ಕಕ್ಕ 240 ಮಿ.ಮೀ. ಯಾರೋ ನುಂಗ್ಯಾರ. ಅಲ್ಲೂ ಕಾಂಟ್ರಾಕ್ಟರು ಇರ್ತಾರೇನು?" ಎಂದು ಅಳಿಯನಿಗೆ ರಾತ್ರಿ ಎರಡಕ್ಕೆ ಫೋನ್ ಮಾಡಿ ಕೇಳಿದರು.

ಹೊಸಪೇಟೆ–ಕೊಟ್ಟೂರು ಮೀಟರ್ ಗೇಜ್ ಬಂದದ್ದು 1905ರಲ್ಲಿ. ಕೊಟ್ಟೂರಿಗೆ ಬಂದ ರೈಲು ಅಲ್ಲೇ ಕೂತಿತು. ಅಲ್ಲಿಂದ ಹರಪನಹಳ್ಳಿ ದಾಟಿ ಹರಿಹರಕ್ಕೆ ಹಳಿ ಕೂಡಲು ನೂರು ವರ್ಷದ ಮೇಲೆ ಹಿಡಿಯಿತು. ಮಾಸ್ತರರ ಕೋಣೆಯಲ್ಲಿ ಅದು ಒಂದು ಸಂಜೆಯ ಕೆಲಸ. ಆದರೆ ಅವರು ಹಾಕಲಿಲ್ಲ. ನೂರು ವರ್ಷವನ್ನು 87ರಿಂದ ಭಾಗಿಸಿ, ಹದಿನಾಲ್ಕು ತಿಂಗಳು ಹರಿಹರವನ್ನು ಹಳಿಯಿಲ್ಲದೆ ಬಿಟ್ಟರು. "ಇತಿಹಾಸಕ್ಕ ಅಪಚಾರ ಆಗಬಾರದು" ಎಂದರು. ಹರಿಹರದ ಸ್ಟೇಷನ್ ಮಾಸ್ತರ, ಅಂದರೆ ನಮ್ಮ ಗೊಬ್ಬರದಂಗಡಿ ಗೆಳೆಯ, ಹದಿನಾಲ್ಕು ತಿಂಗಳು ಪ್ರತಿ ಭಾನುವಾರ ಬಂದು, ಬಾಗಿಲ ಹಿಂದೆ ಕೂತು, ಹೋಗಬೇಕಾಯಿತು.

ಈ ಹುಚ್ಚಿಗೆ ನಮ್ಮ ಮಾಸ್ತರೇ ಆದಿಪುರುಷರಲ್ಲ. ನ್ಯೂ ಆರ್ಲಿಯನ್ಸಿನ ಫ್ರಾಂಕ್ ಎಲಿಸನ್ ಎಂಬಾತ 1940ರ ದಶಕದಲ್ಲೇ ಇದರ ಶಾಸ್ತ್ರ ಬರೆದ. ಆಟಿಕೆ ರೈಲನ್ನು ಗಾಣದೆತ್ತಿನಂತೆ ಸುತ್ತಿಸುವುದರಲ್ಲಿ ಏನಿದೆ? ಅದು ನಾಟಕವಾಗಬೇಕು, ಗಾಡಿಗಳು ಪಾತ್ರಧಾರಿಗಳು, ವೇಳಾಪಟ್ಟಿಯೇ ಕಥೆ ಎಂಬುದು ಅವನ ಮತ. ನಾಟಕದವರ ಮರಿಯಮ್ಮನಹಳ್ಳಿ ಪಕ್ಕದಲ್ಲೇ ಇರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಯಲಾಟದಲ್ಲಿ ಆಗುವುದೇ ಇಲ್ಲೂ ಆಯಿತು. ಎಲ್ಲರಿಗೂ ಡ್ರೈವರ್ ಪಾರ್ಟೇ ಬೇಕು, ಗೇಟ್‌ಮನ್ ಆಗಲು ಒಬ್ಬರೂ ಇಲ್ಲ.

ಗಾರ್ಡ್ ಆಗಿ ಸಿಕ್ಕಿದವರು ನಿವೃತ್ತ ಬಸ್ ಕಂಡಕ್ಟರ್. ಜೋಳದ ಗೂಡ್ಸ್ ಗಾಡಿ ಹೊರಡುವ ಮೊದಲು ಅವರು ಕಿಟಕಿಯಿಂದ ಬಗ್ಗಿ, "ಯಾರ್ರಿ ಹರಪನಹಳ್ಳಿ, ಹರಪನಹಳ್ಳಿ" ಎಂದು ಬೀದಿಗೆ ಕೂಗುತ್ತಾರೆ. ಹಸಿರು ಬಾವುಟ ಕೊಟ್ಟರೆ ಅದನ್ನು ಹೆಗಲ ಮೇಲೆ ಹಾಕಿಕೊಂಡು ಬಾಯಲ್ಲಿ "ರೈಟ್" ಎನ್ನುತ್ತಾರೆ. 2022ರಲ್ಲಿ ರೈಲ್ವೆಯವರು ಗಾರ್ಡ್ ಎಂಬ ಹೆಸರು ತೆಗೆದು ಟ್ರೇನ್ ಮ್ಯಾನೇಜರ್ ಎಂದು ಮಾಡಿದ್ದನ್ನು ಮಾಸ್ತರು ಓದಿ ಹೇಳಿದ ಮೇಲೆ ಇಸ್ತ್ರಿ ಅಂಗಿ ತೊಟ್ಟು ಬರುತ್ತಿದ್ದಾರೆ. ಹರಪನಹಳ್ಳಿಯಲ್ಲಿ ಗಾಡಿ ಎರಡು ನಿಮಿಷ ಹೆಚ್ಚು ನಿಲ್ಲಬೇಕೆಂಬುದು ಇವರ ಹಟ. ಹಾಸ್ಯ ಲೇಖಕ ಬೀಚಿಯವರು 1913ರಲ್ಲಿ ಹುಟ್ಟಿದ ಊರು, ನಕ್ಕು ಮುಂದೆ ಹೋಗೋಣ ಅಂತ. ಮಾಸ್ತರು ಒಪ್ಪಲಿಲ್ಲ. ನನಗೇನೋ ಆ ಊರಿನ ಮೇಲೆ ಬೇರೆ ಕಾರಣಕ್ಕೆ ಗೌರವ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿದ ಅದು ನಮ್ಮ ಯಾವ ಗಾಡಿಗಿಂತಲೂ ಹೆಚ್ಚು ತಿರುಗಿದೆ.

ಪ್ರತಿ ವ್ಯಾಗನ್ನಿಗೂ ಒಂದು ಚೀಟಿ. ಯಾವ ಮಾಲು, ಎಲ್ಲಿಂದ ಎಲ್ಲಿಗೆ ಎಂದು ಅದರಲ್ಲಿ ಬರೆದಿರಬೇಕು. ಗಾಡಿ ಜೋಡಿಸುವುದೂ ಬಿಚ್ಚುವುದೂ ಆ ಚೀಟಿಯಂತೆಯೇ. ಮಾಸ್ತರು ಮನೆಗೆ ಬಂದ ಮದುವೆ ಕಾರ್ಡುಗಳನ್ನೆಲ್ಲ ಕತ್ತರಿಸಿ ಚೀಟಿ ಮಾಡಿದ್ದಾರೆ. ಒಂದು ಬದಿಗೆ "ಮೆಕ್ಕೆಜೋಳ, ಹಗರಿಬೊಮ್ಮನಹಳ್ಳಿಯಿಂದ ಹರಿಹರ" ಎಂದಿದ್ದರೆ ಇನ್ನೊಂದು ಬದಿಗೆ ಅರ್ಧ ಗಣಪತಿ, "ಚಿ.ಕುಂ.ಸೌ." ಮತ್ತು ಅರಿಶಿನದ ಕಲೆ. ಅದಿರಿನ ವ್ಯಾಗನ್ನಿನ ಚೀಟಿ ತಿರುಗಿಸಿದರೆ "ಸರ್ವರಿಗೂ ಆದರದ ಸ್ವಾಗತ" ಎಂದಿರುತ್ತದೆ.

"ಆಟ" ಎಂಬ ಶಬ್ದ ಆ ಕೋಣೆಯಲ್ಲಿ ನಿಷಿದ್ಧ. "ಡ್ಯೂಟಿ" ಅನ್ನಬೇಕು. ನನಗೂ ಕೊಟ್ಟೂರಿಗೂ, ಅಂದರೆ ಔಷಧದಂಗಡಿಯ ಗೆಳೆಯನಿಗೂ, ಮೂರು ಅಡಿ ಅಂತರ. ಅವನು ಸೀನಿದರೆ ನನ್ನ ಮಾಲವಿಗೆ ಮಳೆ. ಆದರೂ ಹಳಿ ಖಾಲಿ ಇದೆಯೇ, ಗಾಡಿ ಬಿಡಲೇ ಎಂದು ಬಾಯಿಂದ ಕೇಳುವಂತಿಲ್ಲ. ಮೊಬೈಲು ಹಚ್ಚಬೇಕು.

"ಹಲೋ, ಕೊಟ್ಟೂರು?"

"ಹೌದು, ಕೊಟ್ಟೂರು."

"ಜೋಳದ ಗೂಡ್ಸಿಗೆ ಲೈನ್ ಕ್ಲಿಯರ್ ಐತೇನ್ರಿ?"

"ಐತ್ರಿ. ಪ್ರೈವೇಟ್ ನಂಬರ್ 63."

ನಿಜದ ರೈಲ್ವೆಯಲ್ಲೂ ಹೀಗೆಯೇ. ಮಾತು ಬರೀ ಮಾತಾಗಿ ಉಳಿಯಬಾರದೆಂದು ಅವರ ಬಳಿ ಎರಡಂಕಿಯ ಸಂಖ್ಯೆಗಳ ಹಾಳೆ ಇರುತ್ತದೆ. ಒಂದು ಸಂಖ್ಯೆ ಕೊಟ್ಟರೆ ಅದನ್ನು ಹೊಡೆದುಹಾಕಿ, ಎರಡೂ ಕಡೆಯವರು ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ನಮ್ಮ ಕೊಟ್ಟೂರು ಒಮ್ಮೆ ಹಾಳೆ ಮರೆತು ಬಂದು ಎಲ್ಲ ಗಾಡಿಗೂ 27, 27 ಎಂದು ಕೊಟ್ಟ. ತಿಂಗಳ ಕೊನೆಗೆ ಮಾಸ್ತರು ರಿಜಿಸ್ಟರ್ ತಪಾಸಣೆ ಮಾಡಿ ಸಿಕ್ಕಿಹಾಕಿಸಿದರು. ಲಿಖಿತ ಸಮಜಾಯಿಷಿ ಪಡೆದರು. ಹೊಸಪೇಟೆಯ ರದ್ದಿ ಅಂಗಡಿಯಲ್ಲಿ ಸಿಕ್ಕ ರೈಲ್ವೆಯ ಹಳೇ ನಿಯಮ ಪುಸ್ತಕವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ಇಟ್ಟಿದ್ದಾರೆ. ಅದನ್ನು ಬಿಚ್ಚಿದರೆಂದರೆ ಯಾರದೋ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ.

ಗಡಿಯಾರದ ಕಥೆ ಬೇರೆ. ದೂರ ಕುಗ್ಗಿದ ಮೇಲೆ ಕಾಲವೂ ಕುಗ್ಗಬೇಕಲ್ಲ? ಅದಕ್ಕೇ ಮೊಮ್ಮಗ ಮೊಬೈಲಿನಲ್ಲಿ ಆರು ಪಟ್ಟು ವೇಗದ ಗಡಿಯಾರ ಹಾಕಿಕೊಟ್ಟಿದ್ದಾನೆ. ನಮ್ಮ ಹತ್ತು ನಿಮಿಷ ಅಲ್ಲಿ ಒಂದು ತಾಸು. ಮಾಸ್ತರು "ನಾಲ್ಕು ಗಂಟೆ ಆತು, ಚಾ" ಎಂದು ಮಹಡಿಯಿಂದ ಕೂಗಿದರೆ, ಅಮ್ಮನವರು ಚಾ ಕಾಯಿಸಿ ಮೇಲೆ ತರುವಷ್ಟರಲ್ಲಿ ಐದೂವರೆ. ತಡವಾಗಿದ್ದಕ್ಕೆ ಕಾರಣ ಬರೆದುಕೊಡಿ ಎಂದು ಒಮ್ಮೆ ಆಕೆಯನ್ನೂ ಕೇಳಿದ್ದರಂತೆ. ಆ ಭಾನುವಾರದಿಂದ ಚಾ ಕೆಳಗೇ ಇರುತ್ತದೆ, ಬೇಕಾದವರು ಇಳಿದು ಹೋಗಬೇಕು. ಕರೆಂಟು ಹೋದರಂತೂ ಗಾಡಿ ನಿಲ್ಲುತ್ತದೆ, ಗಡಿಯಾರ ಓಡುತ್ತದೆ. ಎರಡು ತಾಸು ಕರೆಂಟಿಲ್ಲದಿದ್ದರೆ ನಮ್ಮ ಪ್ಯಾಸೆಂಜರ್ ಹನ್ನೆರಡು ತಾಸು ಲೇಟು. ಮಾಸ್ತರ ಮುಖದಲ್ಲಿ ಆಗ ಕಾಣುವ ತೃಪ್ತಿಯನ್ನು ಗಾಡಿ ಸರಿಯಾದ ಹೊತ್ತಿಗೆ ಬಂದ ದಿನ ನಾನು ಕಂಡಿಲ್ಲ.

ಇನ್ನು ಗುಂಡಿನ ಪ್ರಕರಣ. ಒಂಟಿ ಹಳಿಯಲ್ಲಿ ಎದುರುಬದರು ಗಾಡಿ ಬರಬಾರದೆಂದು ಹಿಂದೆ ನೀಲ್ಸ್ ಟೋಕನ್ ಯಂತ್ರಗಳಿದ್ದವು. ಎರಡು ಸ್ಟೇಷನ್ನುಗಳ ನಡುವೆ ಒಮ್ಮೆಗೆ ಒಂದೇ ಉಕ್ಕಿನ ಗುಂಡು ಹೊರಬರುತ್ತದೆ. ಅದು ಡ್ರೈವರನ ಕೈಯಲ್ಲಿದ್ದರೆ ಮಾತ್ರ ಗಾಡಿ ಹೊರಡಬೇಕು. ಮಾಸ್ತರು ಟ್ರಾಕ್ಟರ್ ಗ್ಯಾರೇಜಿನಿಂದ ಬೇರಿಂಗ್ ಗುಂಡು ತಂದು ನಶ್ಯದ ಡಬ್ಬಿಯಲ್ಲಿ ಇಟ್ಟಿದ್ದಾರೆ. ಫೋನು ಬಂದ ಆ ಭಾನುವಾರ ಊಟಕ್ಕೆಂದು ಎದ್ದವನು ಮಾಲವಿ–ಕೊಟ್ಟೂರು ಗುಂಡನ್ನು ಕಿಸೆಗೆ ಹಾಕಿಕೊಂಡು ಮನೆಗೆ ಬಂದೆ. ಮಾಲವಿಯ ಅನುಮಾನ ಇನ್ನೂ ತೀರದ ಹೆಂಡತಿ, "ನಡೀರಿ, ಕೊಟ್ಟೂರೇಶನ ಮುಂದ ನಿಂತು ಹೇಳ್ರಿ" ಎಂದು ಬಸ್ಸು ಹತ್ತಿಸಿದಳು.

ದರ್ಶನದ ಸಾಲಿನಲ್ಲಿದ್ದಾಗ ಫೋನು. ಮಾಸ್ತರು. "ಮಾಲವಿ, ಗುಂಡು ಎಲ್ಲೈತಿ?"

ಕಿಸೆ ಮುಟ್ಟಿ ನೋಡಿಕೊಂಡು, "ಗುಂಡು ನನ್ನ ಹತ್ರನ ಐತ್ರಿ, ಕಿಸೆಯಾಗ" ಎಂದೆ. ನನ್ನ ಹಿಂದಿದ್ದ ಮುದುಕಿ ಎರಡು ಹೆಜ್ಜೆ ಸರಿದು ಮೂಗಿಗೆ ಸೆರಗು ಹಿಡಿದಳು. ಮುಂದಿದ್ದವನು ಮಾತ್ರ ತಿರುಗಿ ಆಸೆಯಿಂದ ನೋಡಿದ.

"ನೀವೆಲ್ಲಿದೀರಿ?"

"ಕೊಟ್ಟೂರಿನಾಗ."

ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಪುಸ್ತಕದ ವಸ್ತ್ರ ಬಿಚ್ಚುವ ಸಪ್ಪಳ ಕೇಳಿತು. "ಮಾಲವಿ–ಕೊಟ್ಟೂರು ಗುಂಡು ಕೊಟ್ಟೂರಿನಾಗ ಐತಿ ಅಂದ್ರ, ನಿಯಮದ ಪ್ರಕಾರ ಗಾಡಿ ಕೊಟ್ಟೂರು ಮುಟ್ಟೈತಿ. ಆದ್ರ ಗಾಡಿ ನನ್ನ ಕಣ್ಣ ಮುಂದ ಮಾಲವಿಯೊಳಗ ನಿಂತೈತಿ. ರಿಜಿಸ್ಟರಿನಾಗ ಏನಂತ ಬರೀಲಿ?"

ಗಾಡಿ ಎತ್ತಿ ಕೊಟ್ಟೂರಿನಲ್ಲಿ ಇಟ್ಟುಬಿಡಿ ಎಂದೆ. ಪರದೇಶದ ಹವ್ಯಾಸಿಗಳು ತಮಾಷೆಗೆ ಕೈಯನ್ನು ಐದು ಬೆರಳಿನ ಎಂಜಿನ್ ಅನ್ನುತ್ತಾರೆ ಎಂದೂ ಸೇರಿಸಿದೆ. ಮಾಸ್ತರು ಉತ್ತರಿಸಲಿಲ್ಲ. ಎರಡು ಭಾನುವಾರ ಸಸ್ಪೆಂಡ್ ಆದದ್ದು ಆ ಮಾತಿಗೇ ಎಂದು ಆಮೇಲೆ ತಿಳಿಯಿತು.

ರಾತ್ರಿ ಎಂಟು ಗಂಟೆಯ ಹೊತ್ತಿಗೆ ಹೆಂಡತಿಯೊಂದಿಗೆ ಮಾಳಿಗೆ ಹತ್ತಿದೆ. ಯಾರೂ ಎದ್ದು ಹೋಗಿರಲಿಲ್ಲ. ಜೋಳದ ಗೂಡ್ಸು ಶೇಂಗಾ ಚೀಲದ ಪಕ್ಕ ನಿಂತಿತ್ತು. ಡ್ರೈವರು ಗೋಡೆಗೊರಗಿ ನಿದ್ದೆ ಹೋಗಿದ್ದ. ಟ್ರೇನ್ ಮ್ಯಾನೇಜರು ಮಿರ್ಚಿ ಮಂಡಕ್ಕಿ ಪೊಟ್ಟಣದ ಕಾಗದ ಓದುತ್ತಿದ್ದರು. ಗುಂಡು ಒಪ್ಪಿಸಿದೆ. "ರೈಟ್" ಬಿತ್ತು. ಗಾಡಿ ಮೂರು ಅಡಿ ನಡೆದು ಕೊಟ್ಟೂರು ಸೇರಿತು. ಇಪ್ಪತ್ತೇಳು ತಾಸು ಲೇಟು ಎಂದು ಮಾಸ್ತರು ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಗೆರೆ ಎಳೆದರು.

ಹೆಂಡತಿ ಮಾತಾಡದೆ ಗೋಡೆಯುದ್ದಕ್ಕೂ ನಡೆದು ಒಂದೊಂದೇ ಬೋರ್ಡು ಓದಿದಳು. ಮಾಲವಿಯ ಮುಂದೆ ಸ್ವಲ್ಪ ನಿಂತಳು. ಆಕೆಯ ತವರು ಹಡಗಲಿ.

"ಹಡಗಲಿಗೆ ಯಾಕಿಲ್ರಿ ಸ್ಟೇಷನ್ನು?"

ಮಾಸ್ತರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಪಾಟಿನ ಹಿಂದೆ ಎರಡು ಗೇಣು ಖಾಲಿ ಜಾಗ ಇತ್ತು. ಅದು ಎಲ್ಲರಿಗೂ ಕಾಣುತ್ತಿತ್ತು. ಅವರು ಅದನ್ನು ನೋಡಿದರು, ಆಕೆಯನ್ನು ನೋಡಿದರು, ಹೊಸ ಕಡತವೊಂದಕ್ಕೆ ದಾರ ಕಟ್ಟಿದರು.

"ನ್ಯಾಯವಾದ ಬೇಡಿಕೆ ಐತಮ್ಮಾ. ಆದ್ರ ಮೊದಲು ಸರ್ವೆ ಆಗಬೇಕು."

ಎರಡು ವರ್ಷವಾಯಿತು. ಸರ್ವೆ ನಡೆದಿದೆ.